ಸ್ಟಾರ್ಟ್ ಬಟನ್ ಇಲ್ಲದ ರಿಮೋಟು

1983ರ ಜುಲೈ 15ರಂದು ಜಪಾನಿನಲ್ಲಿ ಮಾರಾಟಕ್ಕೆ ಬಂದ ನಿಂಟೆಂಡೊ ಕಂಪನಿಯ ಫ್ಯಾಮಿಕಾಂ ಎಂಬ ವಿಡಿಯೋ ಗೇಮ್ ಕನ್ಸೋಲಿಗೆ ಎರಡು ರಿಮೋಟುಗಳಿದ್ದವು. ಎರಡರ ವೈರೂ ಪೆಟ್ಟಿಗೆಯ ಬೆನ್ನಿನಿಂದಲೇ ಹೊರಟಿತ್ತು. ಒಂದನ್ನು ಕಿತ್ತು ಇನ್ನೊಂದನ್ನು ಸಿಕ್ಕಿಸುವ ಮಾತೇ ಇರಲಿಲ್ಲ. ದೂರದಿಂದ ನೋಡಿದರೆ ಎರಡೂ ಒಂದೇ. ಕೈಗೆತ್ತಿಕೊಂಡರೆ ವ್ಯತ್ಯಾಸ ತಿಳಿಯುತ್ತಿತ್ತು. ಮೊದಲನೆಯದರಲ್ಲಿ ಸ್ಟಾರ್ಟ್ ಮತ್ತು ಸೆಲೆಕ್ಟ್ ಎಂಬ ಎರಡು ಗುಂಡಿಗಳು. ಎರಡನೆಯದರಲ್ಲಿ ಅವು ಇಲ್ಲ, ಬದಲಿಗೆ ಒಂದು ಪುಟ್ಟ ಮೈಕು. ಆಟ ಶುರು ಮಾಡುವ, ನಡುವೆ ನಿಲ್ಲಿಸುವ ಅಧಿಕಾರ ಮೊದಲನೆಯವರದ್ದು. ಎರಡನೆಯವರು ಬೇಕಿದ್ದರೆ ಕೂಗಿಕೊಳ್ಳಬಹುದು.

ತೊಂಬತ್ತರ ದಶಕದಲ್ಲಿ ನಮ್ಮ ಮನೆಗಳಿಗೆ ‘ಟಿವಿ ಗೇಮ್’ ಎಂಬ ಹೆಸರಿನಲ್ಲಿ ಬಂದವುಗಳಲ್ಲಿ ಬಹುಪಾಲು ಇದೇ ಫ್ಯಾಮಿಕಾಂನ ನಕಲುಗಳು. ಬೆಂಗಳೂರಿನ ನ್ಯಾಷನಲ್ ಮಾರ್ಕೆಟ್ಟಿನಲ್ಲಿ ಚೌಕಾಸಿ ಮಾಡಿ ತಂದವರಿದ್ದರು, ಗಲ್ಫಿನಿಂದ ಬಂದ ಮಾವ ತಂದುಕೊಟ್ಟವರೂ ಇದ್ದರು. ನಕಲಿನಲ್ಲಿ ಒಂದು ಸುಧಾರಣೆ ಆಗಿತ್ತು: ರಿಮೋಟನ್ನು ಕಳಚಬಹುದಿತ್ತು. ಆದರೆ ಎಷ್ಟೋ ಸೆಟ್ಟುಗಳಲ್ಲಿ ಎರಡನೆಯ ರಿಮೋಟಿಗೆ ಸ್ಟಾರ್ಟ್ ಗುಂಡಿ ಆಗಲೂ ಇರಲಿಲ್ಲ. ಮೈಕು ಮಾಯ, ತಾರತಮ್ಯ ಮಾತ್ರ ಹಾಗೇ. ಆ ರಿಮೋಟು ಮನೆಯಲ್ಲಿ ಯಾರ ಪಾಲಿಗೆ ಬರುತ್ತಿತ್ತೆಂದು ತಮ್ಮ, ತಂಗಿಯರಾಗಿ ಹುಟ್ಟಿದವರಿಗೆ ಹೇಳಬೇಕಿಲ್ಲ. ಅವರಿಗೆ ಗೊತ್ತಾಗದೇ ಹೋದ ಒಂದು ಸಂಗತಿಯೂ ಇದೆ. ಪಿಸ್ತೂಲು ಹಿಡಿದು ಬಾತುಕೋಳಿ ಹೊಡೆಯುವ ‘ಡಕ್ ಹಂಟ್’ ಆಟದಲ್ಲಿ, ಒಂದೊಂದೇ ಬಾತುಕೋಳಿ ಹಾರಿ ಬರುವ ಹಂತವನ್ನು ಆರಿಸಿಕೊಂಡರೆ, ಇನ್ನೊಬ್ಬರು ಮಾಮೂಲಿ ರಿಮೋಟಿನಿಂದ ಆ ಕೋಳಿಯನ್ನು ಬೇಕಾದ ಕಡೆ ಹಾರಿಸಬಹುದಿತ್ತು. ಅಣ್ಣನ ಗುರಿ ತಪ್ಪಿಸುವ ಸೌಕರ್ಯವನ್ನು ಕಂಪನಿಯೇ ಕೊಟ್ಟಿತ್ತು, ಕೈಪಿಡಿ ಓದುವವರು ಮಾತ್ರ ಇರಲಿಲ್ಲ.

ಒಂದು ಟಿವಿಯ ಮುಂದೆ ಎಷ್ಟು ಜನ ಕೂತು ಆಡಬಹುದು ಎನ್ನುವುದು ಮನೆಯವರಿಗೆ ಬಿಟ್ಟ ವಿಚಾರ ಎಂದುಕೊಳ್ಳುತ್ತೇವೆ. ಹಾಗೇನಿಲ್ಲ. ಅದು ಪೆಟ್ಟಿಗೆ ತಯಾರಾಗುವ ಮೊದಲೇ, ಖರ್ಚಿನ ಲೆಕ್ಕ ಮುಂದಿಟ್ಟುಕೊಂಡವರ ಮೇಜಿನ ಮೇಲೆ ತೀರ್ಮಾನವಾಗಿರುತ್ತದೆ. ಹಿಂದೆ ಆ ತೀರ್ಮಾನ ಪೆಟ್ಟಿಗೆಯ ಮುಂದೆ ರಿಮೋಟು ಸಿಕ್ಕಿಸುವ ತೂತುಗಳಲ್ಲಿ ಕಾಣುತ್ತಿತ್ತು. ಈಗ ತೂತುಗಳಿಲ್ಲ, ಅದಕ್ಕೇ ಅದು ಕಾಣುವುದೂ ಇಲ್ಲ. ಹೊಸ ಕನ್ಸೋಲ್ ತಂದು, ಇನ್ನೊಂದು ಕಂಟ್ರೋಲರ್ ಕೊಂಡು, ಯಾಕೆ ಕನೆಕ್ಟ್ ಆಗುತ್ತಿಲ್ಲ ಎಂದು ಮಕ್ಕಳು ಅಪ್ಪನ ಮುಖ ನೋಡುವಾಗ ನಡೆಯುತ್ತಿರುವುದು ಅದೇ ಹಳೆಯ ವ್ಯವಹಾರ.

ಸೋಜಿಗವೆಂದರೆ, ವಿಡಿಯೋ ಗೇಮ್ ಹುಟ್ಟಿದ್ದೇ ಇಬ್ಬರ ಆಟವಾಗಿ. 1972ರಲ್ಲಿ ಅಮೆರಿಕದಲ್ಲಿ ಬಂದ ಮೊದಲ ಮನೆಬಳಕೆಯ ಕನ್ಸೋಲ್ ಮ್ಯಾಗ್ನವಾಕ್ಸ್ ಒಡಿಸ್ಸಿ, ರಾಲ್ಫ್ ಬೇರ್ ಎಂಬ ಎಂಜಿನಿಯರ್ ರೂಪಿಸಿದ್ದು. ಅದರಲ್ಲಿ ಪ್ರೊಸೆಸರ್ ಇರಲಿಲ್ಲ, ಸದ್ದಿರಲಿಲ್ಲ, ಅಂಕವನ್ನು ಕೂಡ ಆಡುವವರೇ ಬರೆದುಕೊಳ್ಳಬೇಕಿತ್ತು. ಎದುರಾಳಿಯಾಗಿ ನಿಲ್ಲುವಷ್ಟು ಬುದ್ಧಿ ಯಂತ್ರಕ್ಕೆ ಇಲ್ಲದ ಮೇಲೆ ಟೇಬಲ್ ಟೆನಿಸ್ ಆಡಲು ಇನ್ನೊಬ್ಬ ಮನುಷ್ಯ ಬೇಕೇ ಬೇಕು. ಹಾಗಾಗಿ ಎರಡು ಕಂಟ್ರೋಲರ್ ಜೊತೆಗೇ ಬಂದವು. 1975ರಲ್ಲಿ ಮನೆಗೆ ಬಂದ ಅಟಾರಿಯ ಪಾಂಗ್ ಪೆಟ್ಟಿಗೆಯಲ್ಲಂತೂ ತಿರುಗಿಸುವ ಗುಬುಟುಗಳು ಪೆಟ್ಟಿಗೆಯ ಮೈಮೇಲೇ ಇದ್ದವು. ಇಬ್ಬರೂ ಭುಜಕ್ಕೆ ಭುಜ ತಾಗಿಸಿ ಕೂರಬೇಕು. ಚಿಪ್ಪುಗಳು ಚುರುಕಾದ ಮೇಲೆ ಯಂತ್ರವೇ ಎದುರಾಳಿಯಾಯಿತು, ಒಬ್ಬರೇ ಆಡುವುದು ಸಾಧ್ಯವಾಯಿತು. ಎರಡನೆಯ ಮನುಷ್ಯ ಅನಿವಾರ್ಯವಾಗಿದ್ದವನು ಐಚ್ಛಿಕವಾದ. ಎರಡನೇ ಕಂಟ್ರೋಲರ್ ಬೇರೆ ಪೊಟ್ಟಣದಲ್ಲಿ ಬೇರೆ ಬೆಲೆಗೆ ಮಾರುವ ಸರಕಾದ ಕಥೆ ಶುರುವಾಗುವುದು ಇಲ್ಲಿಂದ.

ಈಗ ತೂತಿನ ವಿಷಯ. ಎರಡು ತೂತಿರುವ ಪೆಟ್ಟಿಗೆಗೆ ನಾಲ್ಕು ರಿಮೋಟು ಸೇರಿಸುವುದು ಹೇಗೆ? 1977ರ ಅಟಾರಿ 2600ಕ್ಕೆ ಸುಲಭದ ದಾರಿ ಸಿಕ್ಕಿತ್ತು. ಅದರ ‘ಪ್ಯಾಡಲ್’ ಎಂಬ ತಿರುಗಣೆ ಕಂಟ್ರೋಲರ್ ಜೋಡಿಯಾಗಿ ಬರುತ್ತಿತ್ತು, ಎರಡಕ್ಕೂ ಸೇರಿ ಒಂದೇ ಪ್ಲಗ್. ಎರಡು ತೂತಿಗೆ ನಾಲ್ಕು ಪ್ಯಾಡಲ್. ನಾಲ್ಕು ಮೂಲೆಯಲ್ಲಿ ನಾಲ್ಕು ಕೋಟೆಗಳಿರುವ ‘ವಾರ್‌ಲಾರ್ಡ್ಸ್’ ಆಟವನ್ನು ಹೀಗೆ ನಾಲ್ವರು ಆಡುತ್ತಿದ್ದರು. ನಿಂಟೆಂಡೊ ಹಿಡಿದ ದಾರಿ ಬೇರೆ. ಅದನ್ನು ಸ್ವಲ್ಪ ನಿಧಾನವಾಗಿ ನೋಡಬೇಕು, ಏಕೆಂದರೆ ಪ್ಲಗ್ ಸಿಕ್ಕಿಸಿದರೂ ಕೆಲಸ ಮಾಡುತ್ತಿಲ್ಲ ಎಂಬ ಇವತ್ತಿನ ದೂರಿಗೂ ಉತ್ತರ ಅಲ್ಲೇ ಇದೆ.

ಫ್ಯಾಮಿಕಾಂ 1985ರಲ್ಲಿ ಅಮೆರಿಕಕ್ಕೆ ಹೋಗುವಾಗ ಎನ್‌ಇಎಸ್ ಎಂಬ ಹೆಸರು ಪಡೆಯಿತು, ರಿಮೋಟು ಕಳಚುವಂತಾಯಿತು. ಆ ರಿಮೋಟಿನಲ್ಲಿ ಎಂಟು ಗುಂಡಿ: ಎ, ಬಿ, ಸೆಲೆಕ್ಟ್, ಸ್ಟಾರ್ಟ್, ಆಮೇಲೆ ನಾಲ್ಕು ದಿಕ್ಕು. ಗುಂಡಿಗೊಂದರಂತೆ ವೈರು ಎಳೆದರೆ ಕೇಬಲ್ ದಪ್ಪವಾಗುತ್ತದೆ, ದುಡ್ಡೂ ಹೆಚ್ಚು. ಅದಕ್ಕೆ ರಿಮೋಟಿನೊಳಗೆ 4021 ಎಂಬ ಅಗ್ಗದ ಚಿಪ್ ಕೂರಿಸಿದರು. ಕರೆಂಟಿಗೆ ಎರಡು, ಮಾತುಕತೆಗೆ ಮೂರು, ಒಟ್ಟು ಐದೇ ವೈರು. ಸೆಕೆಂಡಿಗೆ ಸುಮಾರು 60 ಬಾರಿ ಪೆಟ್ಟಿಗೆ ಒಂದು ಸಂಕೇತ ಕಳಿಸುತ್ತದೆ. ಆ ಕ್ಷಣಕ್ಕೆ ಯಾವ ಯಾವ ಗುಂಡಿ ಒತ್ತಿದೆ ಎಂಬುದನ್ನು ಚಿಪ್ ಹಿಡಿದಿಟ್ಟುಕೊಳ್ಳುತ್ತದೆ. ಆಮೇಲೆ ನಡೆಯುವುದು ಶಾಲೆಯ ಹಾಜರಿ. ಪೆಟ್ಟಿಗೆ ಒಂದೊಂದೇ ನಂಬರ್ ಕೂಗುತ್ತದೆ, ಚಿಪ್ ಅದೇ ಕ್ರಮದಲ್ಲಿ ಇದ್ದೇನೆ, ಇಲ್ಲ ಎಂದು ಉತ್ತರ ಕೊಡುತ್ತದೆ. ಎಂಟು ನಂಬರ್ ಮುಗಿದರೆ ಹಾಜರಿ ಪುಸ್ತಕ ಮುಚ್ಚಿತು. ಕೂಗದ ಹೊರತು ರಿಮೋಟು ತಾನಾಗಿ ಬಾಯಿ ಬಿಡುವಂತಿಲ್ಲ.

1990ರಲ್ಲಿ ನಿಂಟೆಂಡೊ ‘ಫೋರ್ ಸ್ಕೋರ್’ ಎಂಬ ಡಬ್ಬಿ ಮಾರಿತು. ಪೆಟ್ಟಿಗೆಯ ಎರಡೂ ತೂತಿಗೆ ಅದರ ಎರಡು ಪ್ಲಗ್ ಹಾಕಿ, ಡಬ್ಬಿಗೆ ನಾಲ್ಕು ರಿಮೋಟು ಸಿಕ್ಕಿಸಬೇಕು. ಒಳಗಿನ ಉಪಾಯ ಇಷ್ಟೇ: ಹಾಜರಿ ಎಂಟಕ್ಕೆ ನಿಲ್ಲದೆ ಮುಂದುವರಿಯುತ್ತದೆ. ಮೊದಲನೇ ತೂತಿನಲ್ಲಿ 24 ಸಲ ಕೂಗಿದರೆ ಮೊದಲ ಎಂಟು ಉತ್ತರ ಒಂದನೇ ಆಟಗಾರನದು, ನಂತರದ ಎಂಟು ಮೂರನೆಯವನದು, ಕೊನೆಯ ಎಂಟು ‘ಇಲ್ಲಿ ಕೂತಿರುವುದು ಫೋರ್ ಸ್ಕೋರ್’ ಎಂದು ಹೇಳುವ ಗುರುತು. ಎರಡನೇ ತೂತಿನಲ್ಲಿ ಹಾಗೆಯೇ ಎರಡನೆಯವನು, ನಾಲ್ಕನೆಯವನು. ಆದರೆ ಹಳೆಯ ಆಟಗಳು ಎಂಟರವರೆಗೆ ಕೂಗಿ ಸುಮ್ಮನಾಗುತ್ತಿದ್ದವು. ಮೂರನೆಯವನು ಗುಂಡಿ ಒತ್ತಿ ಒತ್ತಿ ಸಾಕಾದರೂ ಅವನ ಹೆಸರನ್ನು ಯಾರೂ ಕರೆಯುವುದಿಲ್ಲ. ‘ಗಾಂಟ್ಲೆಟ್ 2’ರಂತೆ ಒಂಬತ್ತನೆಯ ಪ್ರಶ್ನೆ ಕೇಳಬೇಕೆಂದು ಮೊದಲೇ ಬರೆದಿಟ್ಟ ಆಟಗಳಲ್ಲಿ ಮಾತ್ರ ಅವನಿಗೆ ಜಾಗ. ನಾಲ್ಕು ಕಂಟ್ರೋಲರ್ ಕನ್ಸೋಲಿಗೆ ಸೇರುತ್ತವೆ ಎನ್ನುವುದು ಒಂದು ಮಾತು, ಈ ಆಟ ನಾಲ್ವರನ್ನು ಸೇರಿಸಿಕೊಳ್ಳುತ್ತದೆ ಎನ್ನುವುದು ಬೇರೆಯೇ ಮಾತು. ಇವತ್ತಿಗೂ ಹಾಗೆಯೇ.

ಇಂಥ ಡಬ್ಬಿಗಳಿಗೆ ಮಲ್ಟಿಟ್ಯಾಪ್ ಎಂಬ ಹೆಸರು ನಿಂತಿತು. ಜಪಾನಿನಲ್ಲಿ 1987ರಲ್ಲಿ ಬಂದ ಪಿಸಿ ಎಂಜಿನ್ ಕನ್ಸೋಲಿಗೆ ಇದ್ದದ್ದು ಒಂದೇ ತೂತು. ಇಬ್ಬರು ಆಡಬೇಕಿದ್ದರೂ ಮಲ್ಟಿಟ್ಯಾಪ್ ಕೊಳ್ಳಲೇಬೇಕು, ಕೊಂಡರೆ ಐವರು ಆಡಬಹುದು. ಆ ಕನ್ಸೋಲ್ ರೂಪಿಸುವುದರಲ್ಲಿ ಕೈಜೋಡಿಸಿದ ಹಡ್ಸನ್ ಕಂಪನಿಯೇ ‘ಬಾಂಬರ್‌ಮ್ಯಾನ್’ ಆಟವನ್ನೂ ಮಾಡಿದ್ದು. ಒಂದೇ ತೆರೆಯ ಮೇಲೆ ಎಲ್ಲರೂ ಬಾಂಬು ಇಟ್ಟು ಓಡುವ ಈ ಆಟ ಜನ ಹೆಚ್ಚಾದಷ್ಟೂ ರಂಗೇರುತ್ತದೆ. 1993ರಲ್ಲಿ ‘ಸೂಪರ್ ಬಾಂಬರ್‌ಮ್ಯಾನ್’ ಬಂದಾಗ ಹಡ್ಸನ್ ಆಟದ ಜೊತೆಯಲ್ಲೇ ಮಲ್ಟಿಟ್ಯಾಪನ್ನೂ ಕಟ್ಟಿ ಮಾರಿತು. ಸೆಗಾ ಸ್ಯಾಟರ್ನ್‌ನ ಬಾಂಬರ್‌ಮ್ಯಾನ್‌ನಲ್ಲಿ ಹತ್ತು ಜನ ಒಟ್ಟಿಗೆ ಆಡಬಹುದಿತ್ತು. ಹತ್ತು ವೈರುಗಳು ಒಂದು ಕೋಣೆಯಲ್ಲಿ ಹೇಗೆ ಸಿಕ್ಕಾಗುತ್ತವೆ ಎಂಬುದನ್ನು ಓದುಗರ ಕಲ್ಪನೆಗೆ ಬಿಡುತ್ತೇನೆ.

ಬೇರೆಯಾಗಿ ಮಾರುವ ಡಬ್ಬಿಗೆ ಒಂದು ಶಾಪವಿತ್ತು. ಎಲ್ಲರ ಮನೆಯಲ್ಲೂ ಅದು ಇರುವುದಿಲ್ಲ, ಹಾಗಾಗಿ ಆಟ ಮಾಡುವವರು ನಾಲ್ವರಿಗಾಗಿ ಆಟ ಬರೆಯಲು ಹಿಂಜರಿಯುತ್ತಾರೆ. ನಾಲ್ವರ ಆಟಗಳು ಕಡಿಮೆ, ಹಾಗಾಗಿ ಜನ ಡಬ್ಬಿ ಕೊಳ್ಳುವುದಿಲ್ಲ. ಇದನ್ನು ತುಂಡರಿಸಲು ಬ್ರಿಟನ್ನಿನ ಕೋಡ್‌ಮಾಸ್ಟರ್ಸ್ ಮಾಡಿದ ಕಿತಾಪತಿ ನನಗೆ ಬಹಳ ಇಷ್ಟ. ಸೆಗಾ ಮೆಗಾಡ್ರೈವ್‌ಗೆ ಅವರು ತಂದ ‘ಜೆ-ಕಾರ್ಟ್’ನಲ್ಲಿ ಕ್ಯಾಸೆಟ್ಟಿನ ತಲೆಯ ಮೇಲೇ ಎರಡು ಸಾಕೆಟ್ ಇದ್ದವು. ಆಟ ಕೊಂಡರೆ ತೂತೂ ಜೊತೆಗೇ ಬಂತು. ನಿಂಟೆಂಡೊ ಕೊನೆಗೆ ನೇರ ದಾರಿ ಹಿಡಿಯಿತು. 1996ರ ನಿಂಟೆಂಡೊ 64ರ ಮುಖದಲ್ಲೇ ನಾಲ್ಕು ತೂತು. ಮುಂದಿನ ವರ್ಷ ಬಂದ ‘ಗೋಲ್ಡನ್ ಐ 007’ರಲ್ಲಿ ತೆರೆಯನ್ನು ನಾಲ್ಕು ಪಾಲು ಮಾಡಿ ನಾಲ್ವರು ಒಬ್ಬರನ್ನೊಬ್ಬರು ಬೇಟೆಯಾಡುವ ಭಾಗ ಸೇರಿಕೊಂಡದ್ದು ತಯಾರಿಕೆಯ ಕೊನೆಯ ಹಂತದಲ್ಲಿ. ಜನ ನೆನಪಿಟ್ಟುಕೊಂಡದ್ದು ಅದನ್ನೇ. ಪಕ್ಕದವನ ಪಾಲಿನ ತೆರೆಯನ್ನು ಕದ್ದು ನೋಡುವುದು ಮೋಸವೋ ಜಾಣತನವೋ ಎಂಬ ಜಗಳವೂ ಆಗ ಹುಟ್ಟಿತು. ನಾಲ್ಕು ತೂತಿದ್ದರೂ ಪೊಟ್ಟಣದೊಳಗೆ ಇರುತ್ತಿದ್ದ ರಿಮೋಟು ಒಂದೇ ಎಂಬುದನ್ನೂ ಹೇಳಿಬಿಡಬೇಕು.

ನಮ್ಮಲ್ಲಿ ಮನೆಮಾತಾದ ಪ್ಲೇಸ್ಟೇಷನ್ 2ಕ್ಕೆ ಎರಡೇ ತೂತು. ಮಲ್ಟಿಟ್ಯಾಪ್ ಕಂಡವರು ಇಲ್ಲಿ ಕಡಿಮೆ. ಗಂಟೆ ಲೆಕ್ಕದಲ್ಲಿ ದುಡ್ಡು ಕೊಟ್ಟು ಆಡುವ ಗೇಮ್ ಪಾರ್ಲರುಗಳು ತಮ್ಮದೇ ಪರಿಹಾರ ಕಂಡುಕೊಂಡವು: ಸೋತವನು ಏಳಬೇಕು, ಗೆದ್ದವನು ಕೂತಿರಬೇಕು. ಆರು ಜನರ ಗುಂಪಿಗೆ ಎರಡು ರಿಮೋಟು ಸಾಕಾಗುತ್ತಿತ್ತು.

ಆಮೇಲೆ ವೈರು ಹೋಯಿತು. 2006ರಲ್ಲಿ ಬಂದ ಪ್ಲೇಸ್ಟೇಷನ್ 3ರ ಮುಂದೆ ರಿಮೋಟಿನ ತೂತುಗಳೇ ಇರಲಿಲ್ಲ, ಎಲ್ಲವೂ ಬ್ಲೂಟೂತ್. ತೂತು ಇಲ್ಲದ ಮೇಲೆ ಮಿತಿಯೂ ಇಲ್ಲ ಎಂದು ಯಾರಿಗಾದರೂ ಅನಿಸಬೇಕು. ಆದರೆ ಅದಕ್ಕೆ ಏಳು ಕಂಟ್ರೋಲರ್‌ಗಳಿಗಿಂತ ಹೆಚ್ಚು ಸೇರುತ್ತಿರಲಿಲ್ಲ. ಎಂಟೂ ಅಲ್ಲ, ಆರೂ ಅಲ್ಲ, ಏಳೇ ಏಕೆ? ಬ್ಲೂಟೂತ್‌ನಲ್ಲಿಯೂ ನಡೆಯುವುದು ಹಾಜರಿಯೇ. ಒಂದು ಯಂತ್ರ ಯಜಮಾನ, ಉಳಿದವು ಅದು ಕರೆದಾಗಲಷ್ಟೇ ಉತ್ತರಿಸಬೇಕು. ಗುಂಪಿನಲ್ಲಿ ಎಚ್ಚರವಿರುವ ಪ್ರತಿ ಸದಸ್ಯನಿಗೆ ಕೊಡುವ ನಂಬರಿಗೆ ಆ ವ್ಯವಸ್ಥೆಯಲ್ಲಿ ಮೀಸಲಿಟ್ಟಿರುವುದು ಮೂರು ಬಿಟ್. ಸೊನ್ನೆ, ಒಂದುಗಳಲ್ಲಿ ಮೂರು ಅಂಕಿ ಬರೆದರೆ ಎಂಟು ನಂಬರ್ ಆಗುತ್ತವೆ. ಅದರಲ್ಲಿ ಮೂರೂ ಸೊನ್ನೆಯಿರುವುದು ಎಲ್ಲರನ್ನೂ ಒಟ್ಟಿಗೆ ಕರೆಯಲು. ಉಳಿದದ್ದು ಏಳು. ರಿಮೋಟಿನ ಮೇಲೆ ದೀಪಗಳಿದ್ದದ್ದೋ ನಾಲ್ಕು. ಐದನೆಯವನಿಗೆ ನಾಲ್ಕನೆಯ ಮತ್ತು ಒಂದನೆಯ ದೀಪ ಒಟ್ಟಿಗೆ, ಆರನೆಯವನಿಗೆ ನಾಲ್ಕು ಮತ್ತು ಎರಡು, ಏಳನೆಯವನಿಗೆ ನಾಲ್ಕು ಮತ್ತು ಮೂರು. ಕೂಡಿಸಿ ನೋಡಿ, ಲೆಕ್ಕ ಸರಿಯಾಗಿದೆ.

ಒಂದು ಗುಂಪಿಗೆ ಏಳೇ ಎಂದ ಮೇಲೆ ಹೆಚ್ಚು ಬೇಕಾದವರು ಒಂದಕ್ಕಿಂತ ಹೆಚ್ಚು ಗುಂಪು ಕಟ್ಟಬೇಕು, ಇಲ್ಲವೇ ಬ್ಲೂಟೂತ್ ಬಿಟ್ಟು ಸ್ವಂತ ಭಾಷೆ ಮಾಡಿಕೊಳ್ಳಬೇಕು. ಮೈಕ್ರೋಸಾಫ್ಟ್ ಮಾಡಿದ್ದು ಎರಡನೆಯದನ್ನು. ಎಕ್ಸ್‌ಬಾಕ್ಸ್ ಒನ್‌ನಿಂದ ಈಚೆಗೆ ಎಂಟು ಕಂಟ್ರೋಲರ್ ಸೇರುತ್ತವೆ, ಆದರೆ ಅಂಗಡಿಯಲ್ಲಿ ಸಿಗುವ ಯಾವುದೋ ಬ್ಲೂಟೂತ್ ಜಾಯ್‌ಸ್ಟಿಕ್ ತಂದರೆ ಎಕ್ಸ್‌ಬಾಕ್ಸ್ ಅದರ ಮುಖ ನೋಡುವುದಿಲ್ಲ. ನಿಂಟೆಂಡೊ ಸ್ವಿಚ್ ಕೂಡ ಎಂಟರವರೆಗೆ ಎನ್ನುತ್ತದೆ. ಕಂಟ್ರೋಲರ್ ಯಾವ ಬಗೆಯದು ಎಂಬುದರ ಮೇಲೆ ಆ ಸಂಖ್ಯೆ ಇಳಿಯಬಹುದು. ಅದರಲ್ಲಿ ಬ್ಲೂಟೂತ್ ಹೆಡ್‌ಫೋನ್ ಹಾಕಿಕೊಂಡರಂತೂ ವೈರ್‌ಲೆಸ್ ಕಂಟ್ರೋಲರ್ ಎರಡಕ್ಕೆ ಇಳಿಯುತ್ತದೆ, ಏಕೆಂದರೆ ಸದ್ದು ಹೋಗುವುದೂ ಅದೇ ಗಾಳಿಯ ದಾರಿಯಲ್ಲಿ. ಆ ದಾರಿ, ಅಂದರೆ 2.4 ಗಿಗಾಹರ್ಟ್ಸ್ ಪಟ್ಟಿ, ಮನೆಯ ವೈಫೈ ಮತ್ತು ಅಡುಗೆಮನೆಯ ಮೈಕ್ರೋವೇವ್ ಒಲೆಯೂ ಓಡಾಡುವ ದಾರಿ. ನಾಲ್ಕನೆಯ ಕಂಟ್ರೋಲರ್ ಆಗಾಗ ಕೈಕೊಟ್ಟರೆ ರೂಟರನ್ನು ಕನ್ಸೋಲಿನಿಂದ ಸ್ವಲ್ಪ ದೂರ ಇಟ್ಟು ನೋಡುವುದು ಹೊಸದು ಕೊಳ್ಳುವುದಕ್ಕಿಂತ ಅಗ್ಗ. ಪ್ಲೇಸ್ಟೇಷನ್ ಮಾಡುವ ಸೋನಿ ಮಾತ್ರ ಏಳರಿಂದ ಕೆಳಗಿಳಿಯಿತು: ಪ್ಲೇಸ್ಟೇಷನ್ 4 ಮತ್ತು 5ಕ್ಕೆ ನಾಲ್ಕೇ.

ಸೇರಿಸುವ ಕ್ರಿಯೆ ಕಷ್ಟದ್ದಲ್ಲ. ಪ್ಲೇಸ್ಟೇಷನ್ 5ರಲ್ಲಿ ಹೊಸ ಕಂಟ್ರೋಲರನ್ನು ಮೊದಲ ಸಲ ಯುಎಸ್‌ಬಿ ಕೇಬಲ್‌ನಿಂದ ಕನ್ಸೋಲಿಗೆ ಸಿಕ್ಕಿಸಿ ನಡುವಿನ ಪಿಎಸ್ ಗುಂಡಿ ಒತ್ತಿದರೆ ಆಯಿತು. ಎಕ್ಸ್‌ಬಾಕ್ಸ್‌ನಲ್ಲಿ ಕನ್ಸೋಲಿನ ಮೇಲೊಂದು, ಕಂಟ್ರೋಲರಿನ ಮೇಲೊಂದು ಪೇರಿಂಗ್ ಗುಂಡಿ ಇರುತ್ತದೆ; ಒಂದನ್ನು ಒತ್ತಿ 20 ಸೆಕೆಂಡಿನೊಳಗೆ ಇನ್ನೊಂದನ್ನು ಒತ್ತಿ ಹಿಡಿಯಬೇಕು. ಸ್ವಿಚ್‌ನಲ್ಲಿ ಜಾಯ್‌ಕಾನ್ ಎಂಬ ಪುಟ್ಟ ಕಂಟ್ರೋಲರುಗಳನ್ನು ಪಕ್ಕದ ಹಳಿಗೆ ಜಾರಿಸಿದರೆ ಸಾಕು, ಪರಿಚಯ ತಾನಾಗಿ ಆಗುತ್ತದೆ. 2017ರಲ್ಲಿ ಬಂದ ಈ ಸ್ವಿಚ್‌ನ ಬಗ್ಗೆ ಒಂದು ಮಾತು ಹೇಳಲೇಬೇಕು. ಪೊಟ್ಟಣದೊಳಗಿನ ಎಡ, ಬಲ ಜಾಯ್‌ಕಾನ್‌ಗಳನ್ನು ಅಡ್ಡಡ್ಡ ಹಿಡಿದರೆ ಅವೇ ಎರಡು ಪ್ರತ್ಯೇಕ ಕಂಟ್ರೋಲರ್. ಒಂದು ರೂಪಾಯಿ ಹೆಚ್ಚಿಗೆ ಕೊಡದೆ ಎರಡನೆಯವರಿಗೆ ಜಾಗ, ಇಬ್ಬರಿಗೂ ಗುಂಡಿಗಳು ಸಮ. ಮೈಕು ಕೊಟ್ಟು ಸ್ಟಾರ್ಟ್ ಕಿತ್ತುಕೊಂಡ ಕಂಪನಿ ಇದೇ.

ತೊಂದರೆ ಬರುವುದು ಎರಡು ಕಡೆ. ಒಂದು, ಗೆಳೆಯರ ಮನೆಯಿಂದ ತಂದ ಕಂಟ್ರೋಲರ್. ಅದು ಹಿಂದೆ ಜೊತೆಯಾಗಿದ್ದ ಕನ್ಸೋಲನ್ನೇ ಹುಡುಕುತ್ತಿರುತ್ತದೆ. ಪ್ಲೇಸ್ಟೇಷನ್ ಕಂಟ್ರೋಲರುಗಳ ಬೆನ್ನಲ್ಲಿ ಒಂದು ಸಣ್ಣ ರಂಧ್ರವಿದೆ. ಪಿನ್ನಿನಿಂದ ಒಳಗಿನ ಗುಂಡಿಯನ್ನು ಕೆಲ ಸೆಕೆಂಡು ಅದುಮಿ, ಕೇಬಲ್ ಹಾಕಿ ಮತ್ತೆ ಪರಿಚಯ ಮಾಡಿಸಬೇಕು. ಹಳೆಯ ಪ್ಲೇಸ್ಟೇಷನ್ 4ರ ಕಂಟ್ರೋಲರ್ 5ಕ್ಕೆ ಸೇರುವುದೇನೋ ಸೇರುತ್ತದೆ, ಆದರೆ ಅದರಿಂದ ಹಳೆಯ 4ರ ಆಟಗಳನ್ನಷ್ಟೇ ಆಡಬಹುದು, 5ಕ್ಕೆಂದು ಮಾಡಿದ ಆಟಗಳನ್ನಲ್ಲ. ಇದು ತಂತ್ರಜ್ಞಾನದ ಮಿತಿಗಿಂತ ಅಂಗಡಿಯ ಮಿತಿ ಎಂದು ನನ್ನ ಅನುಮಾನ. ಎಕ್ಸ್‌ಬಾಕ್ಸ್ ಒನ್‌ನ ಕಂಟ್ರೋಲರುಗಳು ಈಗಿನ ಎಕ್ಸ್‌ಬಾಕ್ಸ್‌ನಲ್ಲಿ ಯಾವ ತಕರಾರೂ ಇಲ್ಲದೆ ನಡೆಯುತ್ತಿವೆ.

ಎರಡನೆಯ ತೊಂದರೆ ಖಾತೆಯದ್ದು, ನನಗೆ ಹೆಚ್ಚು ಬೇಸರ ತರುವುದು ಇದೇ. ಹಿಂದೆ ರಿಮೋಟು ಯಾವ ತೂತಿನಲ್ಲಿದೆಯೋ ಅದೇ ನಿಮ್ಮ ಗುರುತು. ಎರಡನೇ ತೂತಿನಲ್ಲಿದ್ದರೆ ನೀವು ಎರಡನೆಯ ಆಟಗಾರ, ಅಷ್ಟೇ. ಈಗ ಪ್ಲೇಸ್ಟೇಷನ್‌ನಲ್ಲಿ ಕಂಟ್ರೋಲರ್ ಎತ್ತಿಕೊಂಡ ಕೂಡಲೇ ತೆರೆ ಕೇಳುವ ಪ್ರಶ್ನೆ ‘ಯಾರು ನೀವು?’ ಎಂದು. ಪ್ರತಿ ಕಂಟ್ರೋಲರಿಗೂ ಒಬ್ಬ ಬಳಕೆದಾರ ಬೇಕು. ಇಲ್ಲದಿದ್ದರೆ ಅತಿಥಿಯಾಗಿ ಒಳಬರಬೇಕು, ಅತಿಥಿಯ ಸಾಧನೆ ಆಟ ಮುಗಿದ ಮೇಲೆ ಉಳಿಯುವುದಿಲ್ಲ. ಭಾನುವಾರ ಬಂದ ಚಿಕ್ಕಪ್ಪನ ಮಗ ಎರಡನೇ ಕಂಟ್ರೋಲರ್ ಹಿಡಿದಿದ್ದಾನೆ, ಗುಂಡಿ ಒತ್ತುತ್ತಿದ್ದಾನೆ, ತೆರೆಯ ಮೇಲೆ ಏನೂ ಅಲುಗುತ್ತಿಲ್ಲ ಎಂದರೆ ಬಹುಪಾಲು ಕಾರಣ ಕಂಟ್ರೋಲರ್ ಅಲ್ಲ. ಅದು ಯಾರ ಹೆಸರಿಗೂ ಸೇರಿಲ್ಲ ಅಥವಾ ಮೊದಲನೆಯವನ ಹೆಸರಿಗೇ ಸೇರಿಕೊಂಡಿದೆ. ಪಿಎಸ್ ಗುಂಡಿ ಒತ್ತಿ ಬೇರೆ ಬಳಕೆದಾರನನ್ನು ಆರಿಸಿ. ಸೆಕೆಂಡುಗಳ ಕೆಲಸ. ಆದರೂ ವೈರು ಚುಚ್ಚಿ ಕೂತು ಆಡುತ್ತಿದ್ದವರಿಗೆ ಇದು ಸ್ವಂತ ಅಣ್ಣನ ಮನೆಯಲ್ಲಿ ರಿಜಿಸ್ಟರಿಗೆ ಸಹಿ ಮಾಡಿದ ಅನುಭವ.

ಕನ್ಸೋಲ್ ಸಿದ್ಧವಿದ್ದರೂ ಆಟಗಳು ಒಂದೇ ಸೋಫಾದ ಮೇಲಿನ ಜೊತೆಗಾರರನ್ನು ಕೈಬಿಡುತ್ತಿವೆ. ತೆರೆಯನ್ನು ಎರಡು ಪಾಲು ಮಾಡಿದರೆ ಯಂತ್ರ ಒಂದೇ ಲೋಕವನ್ನು ಎರಡು ಕಣ್ಣುಗಳಿಂದ ಎರಡು ಸಲ ಬರೆಯಬೇಕು. ಚಿತ್ರ ಬೆಡಗಾದಷ್ಟೂ ಆ ಹೊರೆ ದುಬಾರಿ. ಅದರ ಮೇಲೆ, ಬೇರೆ ಬೇರೆ ಮನೆಯಲ್ಲಿ ಕೂತು ಆಡಿದರೆ ಎರಡು ಕನ್ಸೋಲ್, ಎರಡು ಆಟ ಮಾರಾಟವಾಗುತ್ತವೆ. ಒಂದೇ ತೆರೆಯಲ್ಲಿ ಇಬ್ಬರು ಸೇರಿ ಆಡುವುದಕ್ಕೇ ಹೆಸರಾಗಿದ್ದ ‘ಹೇಲೋ’ ಸರಣಿ 2015ರ ‘ಹೇಲೋ 5’ ಆಟದಲ್ಲಿ ಅದನ್ನು ತೆಗೆದುಹಾಕಿತು. ‘ಹೇಲೋ ಇನ್ಫಿನಿಟ್’ನ ಕಥಾಭಾಗಕ್ಕೆ ಅದನ್ನು ತರುತ್ತೇವೆಂದವರು 2022ರಲ್ಲಿ ಕೈಚೆಲ್ಲಿದರು. ಇದಕ್ಕೆ ವಿರುದ್ಧ ದಿಕ್ಕಿನಲ್ಲಿ ನಡೆದವರು ಸ್ವೀಡನ್ನಿನ ಹೇಝ್‌ಲೈಟ್ ತಂಡ. 2021ರ ಅವರ ‘ಇಟ್ ಟೇಕ್ಸ್ ಟೂ’ ಒಬ್ಬರೇ ಆಡಲು ಸಾಧ್ಯವೇ ಇಲ್ಲದ ಆಟ. ಆ ವರ್ಷ ದಿ ಗೇಮ್ ಅವಾರ್ಡ್ಸ್‌ನಲ್ಲಿ ವರ್ಷದ ಆಟ ಎಂಬ ಪ್ರಶಸ್ತಿ ಅದಕ್ಕೇ ಹೋಯಿತು. ಹಾಗಾಗಿ ಇನ್ನೊಂದು ಪ್ಲೇಸ್ಟೇಷನ್ ಕಂಟ್ರೋಲರಿಗೆ ದುಡ್ಡು ಹಾಕುವ ಮೊದಲು ಆಟದ ವಿವರದಲ್ಲಿ ಆಟಗಾರರ ಸಂಖ್ಯೆ ನೋಡುವುದಷ್ಟೇ ಸಾಲದು. ಆ ಸಂಖ್ಯೆ ಒಂದೇ ಕನ್ಸೋಲಿನದೋ ಆನ್‌ಲೈನಿನದೋ ಎಂಬುದನ್ನೂ ನೋಡಬೇಕು. ಆನ್‌ಲೈನ್‌ನಲ್ಲಿ ನೂರು ಜನ ಸೇರುವ ಆಟಕ್ಕೂ ಸೋಫಾದ ಮೇಲೆ ಒಬ್ಬರೇ ಇರಬೇಕಾಗಿ ಬರಬಹುದು.

ಇಷ್ಟೆಲ್ಲ ಇದ್ದೂ ಎರಡನೇ ಕಂಟ್ರೋಲರಿಗೆ ಇನ್ನೊಂದು ಉಪಯೋಗವಿದೆ, ಅದಕ್ಕೆ ಪ್ರಚಾರ ಸಾಲದು. 2017ರಲ್ಲಿ ಎಕ್ಸ್‌ಬಾಕ್ಸ್‌ಗೆ ‘ಕೋಪೈಲಟ್’ ಎಂಬ ಹೆಸರಿನಲ್ಲಿ ಒಂದು ಸೌಲಭ್ಯ ಬಂತು. ಅದನ್ನು ಚಾಲೂ ಮಾಡಿದರೆ ಎರಡು ಕಂಟ್ರೋಲರುಗಳನ್ನು ಕನ್ಸೋಲ್ ಒಂದೇ ಎಂದು ತಿಳಿಯುತ್ತದೆ. ಒಬ್ಬರ ಆಟವನ್ನು ಇಬ್ಬರು ಸೇರಿ ಆಡಬಹುದು. ನಡೆಯುವುದು ಒಬ್ಬರು, ಗುರಿ ಹಿಡಿಯುವುದು ಇನ್ನೊಬ್ಬರು. ಮರುವರ್ಷ ಬಂದ ಎಕ್ಸ್‌ಬಾಕ್ಸ್ ಅಡಾಪ್ಟಿವ್ ಕಂಟ್ರೋಲರ್ ಅಂಗವೈಕಲ್ಯ ಇರುವವರಿಗಾಗಿಯೇ ಮಾಡಿದ್ದು. ಅದರ ಬೆನ್ನಿಗೆ 3.5 ಮಿಲಿಮೀಟರಿನ 19 ಸಾಕೆಟ್‌ಗಳಿವೆ, ಒಂದೊಂದಕ್ಕೂ ಕಾಲಲ್ಲಿ ತುಳಿಯುವ, ಮೊಣಕೈಯಲ್ಲಿ ಒತ್ತುವ, ತಲೆಯಿಂದ ತಾಗಿಸುವ ಬೇರೆ ಬೇರೆ ಸ್ವಿಚ್ಚು ಸಿಕ್ಕಿಸಬಹುದು. ಇದರೊಂದಿಗೂ ಕೋಪೈಲಟ್ ನಡೆಯುತ್ತದೆ. ಬೆರಳು ಸ್ವಾಧೀನದಲ್ಲಿಲ್ಲದ ಮಗ ತನ್ನ ಸ್ವಿಚ್ಚಿನಿಂದ ಕಾರಿನ ಸ್ಟೀರಿಂಗ್ ತಿರುಗಿಸುತ್ತಿದ್ದರೆ ತಾಯಿ ಪಕ್ಕದಲ್ಲಿ ಮಾಮೂಲಿ ಕಂಟ್ರೋಲರ್ ಹಿಡಿದು ಬ್ರೇಕ್ ಒತ್ತಬಹುದು, ಇಬ್ಬರ ಕೈಯಲ್ಲಿರುವುದೂ ಒಂದೇ ಕಾರು. ಅಂಥ ಮನೆಯಲ್ಲಿ ಆಟದ ಡಬ್ಬಿಯ ಮೇಲೆ ‘ಒಬ್ಬ ಆಟಗಾರ’ ಎಂದು ಬರೆದಿದ್ದರೂ ಎರಡು ಕಂಟ್ರೋಲರ್ ಬೇಕು.